ಹರಿತಾ ಕಿವಿ ಮುಚ್ಕೊಂಡಾಗ

ಹರಿತಾಳ ಅಪ್ಪಗ,

ನೀವು ಮನಿ ಬಿಟ್ಟು ಹೋದ ಮ್ಯಾಲೆ ಎಲ್ಲಿದ್ದೀರೋ ಗೊತ್ತಿಲ್ಲ, ಆದ್ರೂ ಬರೀತೀನಿ. ಇವತ್ತು ಶಾಲ್ಯಾಗ ಪ್ರಾರ್ಥನೆಗೆ ಮೈಕ್ ಹಚ್ಚಿದ ಕೂಡ್ಲೆ ನಮ್ಮ ಹುಡುಗಿ ಕಿವಿ ಮುಚ್ಕೊಂಡು ಚೀರ್ಯಾಳ. ಟೀಚರ್ ಆಕಿ ಕೈ ಹಿಡಿದು ಕೆಳಗ ಎಳದ್ರ ಕಚ್ಚಿಬಿಟ್ಟಾಳ. ಶಾಲಿಯಿಂದ ಫೋನ್ ಬಂತು, ಹೊಲಿಗಿ ಬಿಟ್ಟು ಓಡಿದೆ.

“ಜೋರು ಸದ್ದು ಆಕಿಗೆ ಹೊಡದಂಗ ಆಗ್ತೈತಿ, ಡಾಕ್ಟ್ರೂ ಹೇಳ್ಯಾರ್ರಿ. ಪ್ರಾರ್ಥನೆ ಮುಗಿಯೋತನ ಕ್ಲಾಸಿನಾಗ ಕೂಡಿಸ್ರಿ, ಅಷ್ಟ ಸಾಕು,” ಅಂದೆ.

“ಒಬ್ಬಾಕಿಗೆ ಬಿಟ್ರ ಎಲ್ಲಾರೂ ಕೇಳ್ತಾರಮ್ಮ. ಅತಿ ಮುದ್ದು ಮಾಡಿದ್ದಕ್ಕ ಹಿಂಗಾಗೈತಿ,” ಅಂದ್ರು ಹೆಡ್‌ಮಾಸ್ಟರು.

ಇದನ್ನ ಎಷ್ಟು ಸಲ ಹೇಳ್ಬೇಕ್ರಿ ನಾನು? ಹೇಳಿ ಹೇಳಿ ಗಂಟಲು ಒಣಗೈತಿ. ಹರಿತಾ ನನ್ನ ಸೆರಗಿನಾಗ ಮುಖ ಮುಚ್ಕೊಂಡು ನಿಂತಿದ್ಲು.

“ನಾಳೆ ಅವರಪ್ಪನ್ನ ಕಳಿಸ್ರಿ, ಅವರ ಹತ್ರ ಮಾತಾಡ್ತೀನಿ.”

“ಆಯ್ತ್ರಿ, ಬರ್ತಾರ,” ಅಂದುಬಿಟ್ಟೆ.

ಅದನ್ನ ಕೇಳಿ ಹರಿತಾ ತಲಿ ಎತ್ತಿ ನನ್ನ ಮುಖ ನೋಡಿದ್ಲು.