ಅಪ್ಪನ ಬಲಭುಜದ ಸಮಾಚಾರ

ಭಾನುವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ಇಲ್ಲಿ ನಾವಿಬ್ಬರೂ ಕ್ಷೇಮ. ಈ ಸಲ ನಿಜವಾಗಿಯೂ ಕ್ಷೇಮ. ಆದರೆ ನಿನ್ನ ಅಮ್ಮನ ಸ್ವಭಾವ ಗೊತ್ತಲ್ಲ, ಮೊದಲಿನಿಂದ ಹೇಳದಿದ್ದರೆ ಸಮಾಧಾನವಿಲ್ಲ.

ಆಪರೇಷನ್ ಮಾಡಿ ನಿಮ್ಮಪ್ಪನ ಕುತ್ತಿಗೆಯ ಗಂಟು ತೆಗೆಯುವಾಗ, ಅಲ್ಲಿಂದ ಭುಜಕ್ಕೆ ಇಳಿಯುವ ನರವೊಂದು ಎಳೆದಾಟಕ್ಕೆ ಸಿಕ್ಕಿತಲ್ಲ, ಭುಜ ಮೇಲೇರಬೇಕಾದರೆ ಆ ನರವೇ ಅಪ್ಪಣೆ ಕೊಡಬೇಕಂತೆ. ಅದು ಮುನಿಸಿಕೊಂಡಿತು, ಬಲಭುಜ ಜೋತುಬಿತ್ತು. ಕತ್ತರಿ ಹಿಡಿದ ಕೈ ಗಿರಾಕಿಯ ಕಿವಿಯ ತನಕವೂ ಏರದಿದ್ದರೆ ಸಲೂನು ನಡೆಯುವುದು ಹೇಗೆ? ನರ ತುಂಡಾಗಿಲ್ಲ, ಚೇತರಿಸಿಕೊಳ್ಳಬಹುದು, ಖಾತ್ರಿ ಮಾತ್ರ ಕೊಡಲಾರೆ ಎಂದರು ಡಾಕ್ಟರು. ಅಂಗಡಿಯ ಬಾಗಿಲು ಹಾಕಿದೆವು.

ಏನು ಕೇಳಿದರೂ ಭುಜ ಹಾರಿಸುವುದೇ ನಿಮ್ಮಪ್ಪನ ಉತ್ತರ. ಮದುವೆಯಾದಾಗಿನಿಂದ ಅದನ್ನೇ ನೋಡಿದ್ದೇನೆ. ಈಗ ಎಡಭುಜ ಮಾತ್ರ ಏಳುತ್ತಿತ್ತು, ನೋಡಿದವರಿಗೆ ಕಿವಿ ತುರಿಸುತ್ತಿದೆಯೇನೋ ಅನ್ನಿಸುವಂತೆ. ವಿಧಿಯಿಲ್ಲದೆ ಬಾಯಿ ಬಿಟ್ಟರು. ಅಡುಗೆ ಚೆನ್ನಾಗಿದೆ ಅಂದರು ಕಣೆ. ಆ ದಿನ ಬೇಡವೆಂದರೂ ಬಿಡದೆ ಬಡಿಸಿದೆ.

ಅಂಗಡಿ ಮಾರಿ ನಮ್ಮ ಜೊತೆ ಇದ್ದುಬಿಡಿ ಎಂದು ನೀನು ಕರೆದೆಯಲ್ಲ, ಅದನ್ನು ಹೇಳಿದೆ. ಕತ್ತರಿ ಹಿಡಿಯದಿದ್ದರೆ ನಾನು ಯಾರು ಎಂದು ನನ್ನನ್ನೇ ಕೇಳಿದರು. ಒಳಗೆ ಹೋಗಿ ಅತ್ತುಬಿಟ್ಟೆ. ಮಾತಾಡದ ಗಂಡನೇ ಮೇಲು ಅನ್ನಿಸಿತು.

ಮರುದಿನದಿಂದ ಕನ್ನಡಿಯ ಮುಂದೆ ಇಬ್ಬರೂ ನಿಂತು ಭುಜ ಎತ್ತುವ ವ್ಯಾಯಾಮ ಶುರು ಮಾಡಿದೆವು. ನನ್ನ ಭುಜಕ್ಕೆ ಯಾವ ರೋಗವೂ ಇಲ್ಲ, ಆದರೂ ಎತ್ತಿದೆ. ಮೊನ್ನೆ ಅವರ ಬಲಭುಜ ಏರಿತು. ಎಡದಷ್ಟಲ್ಲ, ಆದರೂ ಏರಿತು.

ಇವತ್ತು ಬೆಳಿಗ್ಗೆ ಅಂಗಡಿ ತೆಗೆದು ನನ್ನನ್ನೇ ಕುರ್ಚಿಯ ಮೇಲೆ ಕೂರಿಸಿದರು. ಊರಿಗೆಲ್ಲ ಕೂದಲು ಕತ್ತರಿಸಿದ ಮನುಷ್ಯ ನನ್ನ ತಲೆಗೆ ಕತ್ತರಿ ಇಟ್ಟಿದ್ದು ಇದೇ ಮೊದಲು. ಕೈ ಎಲ್ಲಿ ಇಳಿದುಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ. ಇಳಿಯಲಿಲ್ಲ. ಕೊನೆಗೆ ಬಟ್ಟೆ ಕೊಡವಿ, ಚೆನ್ನಾಗಿ ಕಾಣುತ್ತೀಯ ಎಂದರು. ಈ ವಯಸ್ಸಿನಲ್ಲಿ ನನಗೆ ನಾಚಿಕೆಯಾಯಿತು.

ಹಾಗಾಗಿ ನಾವು ಅಲ್ಲಿಗೆ ಬರುವುದಿಲ್ಲ ಪುಟ್ಟಿ, ಬೇಜಾರು ಮಾಡಿಕೊಳ್ಳಬೇಡ. ನಾಳೆಯಿಂದ ಸಲೂನು ತೆರೆದಿರುತ್ತದೆ.

ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲದ,
ನಿನ್ನ ಅಮ್ಮ

ತಾ.ಕ.: ನನ್ನ ಕೂದಲು ಬಲಗಡೆ ಎರಡು ಬೆರಳು ಗಿಡ್ಡವಾಗಿದೆ. ಸರಿಯಾಗಿದೆಯಾ ಎಂದು ಅವರು ಕೇಳಿದಾಗ, ನೂಲು ಹಿಡಿದು ಕತ್ತರಿಸಿದ ಹಾಗಿದೆ ಎಂದೆ. ಪಕ್ಕದ ಮನೆಯಾಕೆ ದಿಟ್ಟಿಸಿ ನೋಡಿದಳು, ಈಗ ಇದೇ ಫ್ಯಾಷನ್ ಎಂದುಬಿಟ್ಟೆ. ನಾಳೆ ಮೊದಲ ಗಿರಾಕಿ ಅವಳೇ. ತನಗೂ ಹೀಗೇ ಬೇಕಂತೆ.