ಸಾಜೀದನ ಹಳೆಯ ಅಂಗಿ

ಮೆಣಸಗಿ
ಸೋಮವಾರ, ೧೮-೧೧-೨೦೨೪

ಚಿ. ಸೌ. ಮಹೇಶ್ವರಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿ. ಈ ಸಲ ಅದಕ್ಕೆ ಕೈ ಏಳಲಿಲ್ಲ. ನಾಲ್ಕು ದಿನದಿಂದ ನನ್ನ ಜೀವ ಜಾಗದಲ್ಲಿಲ್ಲ. ಫೋನು ಗುಂಯ್ ಅಂದರೆ ಸಾಕು, ಹುಬ್ಬಳ್ಳಿಯಿಂದ ಏನು ಸುದ್ದಿಯೋ ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ನಿನಗೆ ಎಂಟು ತಿಂಗಳು ತುಂಬಿ ಐದು ದಿನವಾಯಿತು. ದಿನಾ ಬೆಳಗ್ಗೆ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಸುಳ್ಳು ಹೇಳುತ್ತೇನೆ, ಶುಕ್ರವಾರ ಹೇಳಿದೆನಲ್ಲ. "ಯವ್ವಾ, ಬಗಲ ಮನಿ ಜಬೀನ ಸ್ಟೇಟಸ್ ಇಟ್ಟಾಳಲ್ಲ, ಆ ಕೂಸಿನ ಮೈಮ್ಯಾಲಿರೋದು ನಾ ಕಳಿಸಿದ ಅಂಗಿ ಹೌದಲ್ಲೋ?" ಎಂದು ನೀನು ಕೇಳಿದೆ. "ಅಯ್ಯ, ಅದು ಬ್ಯಾರೇದವಾ, ರೋಣದ ಪ್ಯಾಟ್ಯಾಗ ಅಂಥಾವು ರಾಶಿ ಸಿಗ್ತಾವು" ಎಂದುಬಿಟ್ಟೆ. ಎದೆಯ ಮೇಲೆ ಸಣ್ಣ ನೀಲಿ ಎಲೆ ಕಸೂತಿ ಹಾಕಿದ ಅಂಗಿ ರೋಣದ ಪೇಟೆಯಲ್ಲಿ ಎಲ್ಲಿ ಸಿಗಬೇಕು? ನೀನು ಫೋನು ಇಟ್ಟುಬಿಟ್ಟೆ. ಕಾಗದದ ಮೇಲಾದರೆ ಸುಳ್ಳು ಅಷ್ಟು ಸಲೀಸಾಗಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆಯವರ ಮುಂದೆ ಓದಬೇಡ.

ಹೌದು ಮಗಳೇ, ಅದು ನಿನ್ನದೇ ಅಂಗಿ.

ಕೂಸು ಹುಟ್ಟುವವರೆಗೆ ಜೋಪಾನವಾಗಿಡು ಎಂದು ನೀನು ಕಳಿಸಿದ ಆ ಡಬ್ಬಿ ಬಂದ ದಿನ ನಾನು ನಿನಗೆ ಬೈದೆ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಉಳ್ಳಾಗಡ್ಡಿ ಸಿಪ್ಪೆಯಂಥ ಕಾಗದ, ಅದರೊಳಗೆ ಎರಡು ಗೇಣೂ ಇಲ್ಲದ ಅಂಗಿ. ಚೀಟಿಯ ಮೇಲೆ ನಾಲ್ಕು ಸಾವಿರದ ಇನ್ನೂರು! ಚಷ್ಮಾ ಒರೆಸಿಕೊಂಡು ಮತ್ತೆ ಓದಿದೆ. ನೀನು ಫೋನಿನಲ್ಲಿ ಸಾಲಿ ಮಾಸ್ತರರ ಹಾಗೆ ತಿಳಿಸಿ ಹೇಳಿದೆ. ಔಷಧ ಹೊಡೆಯದೆ ಬೆಳೆದ ಹತ್ತಿಯಂತೆ, ಬಣ್ಣ ಹಾಕಿಲ್ಲವಂತೆ, ದೊಡ್ಡ ಕಂಪನಿಯಂತೆ. ಕಂಪನಿಯ ಹೆಸರಿಗೆ ದುಡ್ಡು ಸುರಿದೆಯಲ್ಲ ಎಂದು ನಾನು ಹಲುಬಿದೆ. ಬಿಡಲಿಲ್ಲ ನೋಡು, ಹಲುಬುತ್ತಲೇ ಇದ್ದೆ. ಆಗ ನೀನು ಆ ಮಾತು ಅಂದೆ.

"ಮೊದಲನೇ ಸಲ ಏನೂ ತರಬ್ಯಾಡ ಅಂದಿ, ತರಲಿಲ್ಲ. ಎರಡನೇ ಸಲಾನೂ ತರಲಿಲ್ಲ. ಎರಡೂ ಸಲ ದವಾಖಾನಿಯಿಂದ ಬರೇ ಕೈಲೇ ಮನಿಗೆ ಬಂದೆ. ಹಿಡಕೊಂಡು ಅಳಾಕ ಒಂದು ಅಂಗೀನೂ ಇರಲಿಲ್ಲ ಯವ್ವಾ. ಈ ಸಲ ನಾ ತರಾಕಿನ. ಎಲ್ಲಾದಕ್ಕಿಂತ ಚಲೋದು ತರಾಕಿ."

ಫೋನು ಇಟ್ಟು, ಅಂಗಿಯನ್ನು ಮಷೀನಿನ ಮೇಲೆ ಹರವಿ ನೋಡಿದೆ. ಮೂವತ್ತು ವರ್ಷದಿಂದ ಊರವರ ಕುಬುಸ ಹೊಲಿದ ಕಣ್ಣು ಇದು, ಸುಳ್ಳು ಹೇಳುವುದಿಲ್ಲ. ಹೊಲಿಗೆಯೆಲ್ಲ ಹೊರಮೈಗಿದೆ, ಒಳಗೆ ಒಂದು ದಾರದ ಗಂಟೂ ಕೂಸಿಗೆ ಚುಚ್ಚುವುದಿಲ್ಲ. ಗುಂಡಿ ಇಲ್ಲ, ಪಕ್ಕದಲ್ಲಿ ಕಟ್ಟುವ ಕಸಿ. ಹೊಲಿದವರು ಯಾರೋ ಏನೋ, ಕೂಸನ್ನು ಎತ್ತಿ ಆಡಿಸಿದವರು ಎಂಬುದು ಮಾತ್ರ ಖರೆ. ಬಟ್ಟೆ ಮೆತ್ತಗಿತ್ತು. ಆದರೆ ನಿಮ್ಮಜ್ಜಿ ಉಡಚವ್ವನ ಹಳೆಯ ಸೀರೆ ಇದೆಯಲ್ಲ, ಒಗೆದು ಒಗೆದು ಬೆಣ್ಣೆಯಾದದ್ದು, ಅದು ಇದಕ್ಕಿಂತ ಮೆತ್ತಗೆ. ಹೊಲಿಗೆಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಉಳಿದ ಮುಕ್ಕಾಲು ದುಡ್ಡು ಆ ನೀಲಿ ಎಲೆಗೆ ಹೋಗಿದೆ. ಇದು ಹೊಲಿಯುವವಳ ಮಾತು.

ನಾನು ಹೆದರಿದ್ದು ಮಾತ್ರ ದುಡ್ಡಿಗಲ್ಲ. ಅದು ಹೊಸದಾಗಿತ್ತು, ಅದಕ್ಕೆ ಹೆದರಿದೆ.

ಸಾಲಿಗೆ ಹೋಗುವವರೆಗೂ ನಿನ್ನನ್ನು ತಿಪ್ಪವ್ವ ಎಂದು ಕರೆಯುತ್ತಿದ್ದೆವು. ಆ ಹೆಸರಿಗೆ ನೀನು ಅತ್ತು ರಂಪ ಮಾಡುತ್ತಿದ್ದೆ. ಯಾಕೆ ಇಟ್ಟೆವೆಂದು ನಿನಗೆ ಯಾರೂ ಹೇಳಲಿಲ್ಲ, ಹೇಳಗೊಡಲಿಲ್ಲ ನಾನು. ನಿನಗಿಂತ ಮೊದಲು ನನಗೆ ಒಂದು ಗಂಡು ಕೂಸು ಇತ್ತು ಮಹೇಶಿ. ಅದು ಹೊಟ್ಟೆಯಲ್ಲಿದ್ದಾಗ ನಿಮ್ಮಪ್ಪನ ಜೊತೆ ಗಜೇಂದ್ರಗಡಕ್ಕೆ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯ ಮಖಮಲ್ ತುಂಡು ತಂದೆ. ಕೆಂಪು ಮಖಮಲ್, ಅಂಚಿಗೆ ಜರಿ. ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆ ಹೊಲಿದೆ. "ಹುಟ್ಟದ ಕೂಸಿಗೆ ಹೊಸಾದು ಹೊಲೀಬ್ಯಾಡವಾ, ಕಣ್ಣು ಬೀಳ್ತೈತಿ" ಎಂದರು ನಿಮ್ಮಜ್ಜಿ. ನಾನು ನಕ್ಕೆ. ಕೂಸು ಹುಟ್ಟಿ ಒಂಬತ್ತನೇ ದಿನಕ್ಕೆ ಹೋಯಿತು. ಕುಂಚಿಗೆಯನ್ನು ಒಂದು ದಿನವೂ ತೊಡಲಿಲ್ಲ. ಯಾರೂ ನನಗೆ ಏನೂ ಅನ್ನಲಿಲ್ಲ. ನಿಮ್ಮಜ್ಜಿ ಒಮ್ಮೆ ನನ್ನ ಮಷೀನಿನ ಕಡೆ ನೋಡಿದರು, ಅಷ್ಟೇ. ನಾನು ಆ ಕುಂಚಿಗೆಯನ್ನು ಮಲಪ್ರಭೆಗೆ ಬಿಟ್ಟು ಬಂದೆ.

ನೀನು ಹುಟ್ಟಿದಾಗ ನಿಮ್ಮಜ್ಜಿ ನಿನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಬೊಗಸೆ ಜೋಳ ಕೊಟ್ಟು ವಾಪಸು ಕೊಂಡರು. ಐದು ಮನೆಗೆ ಹೋಗಿ ಸೆರಗೊಡ್ಡಿ ಹಳೆಯ ಅರಿವೆ ಬೇಡಿ ತಂದರು. ಮಕ್ಕಳು ಬದುಕಿ ಬಾಳಿದ ಮನೆಯ ಅರಿವೆ ತೊಡಿಸಿದರೆ ಸಾವು ಇದು ಬೇರೆಯವರ ಕೂಸೆಂದು ಮುಂದೆ ಹೋಗುತ್ತದಂತೆ. ಮೊದಲನೆಯ ಅರಿವೆ ಕೊಟ್ಟದ್ದು ನಮ್ಮ ಬಗಲ ಮನೆಯ ಮಾಬೂಬಿಯ ಅತ್ತೆ. ನೀನು ಬದುಕಿದೆ.

ಈಗ ಹೇಳು, ಹೊಸ ಅಂಗಿ ನನ್ನ ಪೆಟ್ಟಿಗೆಯಲ್ಲಿ ಕೂತಿದ್ದರೆ ನನಗೆ ಅನ್ನ ಹೇಗೆ ಇಳಿಯಬೇಕು? ಬಿಸಾಕಿದರೆ ನೀನು ಕೇಳುತ್ತೀ. ಹಾಗೇ ತೊಡಿಸಲು ನನ್ನ ಕೈ ಬರುವುದಿಲ್ಲ. ಅದಕ್ಕೆ ಒಂದು ಜಾಣತನ ಮಾಡಿದೆ. ಅತಿ ಜಾಣೆ.

ಮಾಬೂಬಿಯ ಸೊಸೆ ಜಬೀನಳ ಮಗ ಸಾಜೀದನಿಗೆ ಈಗ ಎರಡೂವರೆ ತಿಂಗಳು. ಕಟ್ಟುಮಸ್ತಾದ ಕೂಸು. ಗುರುವಾರ ಮಧ್ಯಾಹ್ನ ಆ ಅಂಗಿ ಒಯ್ದು, "ನಮ್ಮ ಮಹೇಶಿ ನಿನ್ನ ಮಗಗ ಕಳಿಸ್ಯಾಳ" ಎಂದು ಜಬೀನಳಿಗೆ ಕೊಟ್ಟೆ. ನಾಲ್ಕು ದಿನ ಅವನು ತೊಡಲಿ, ಹಾಲು ಕಕ್ಕಲಿ, ಉಚ್ಚೆ ಹೊಯ್ಯಲಿ. ಆಮೇಲೆ ಹೋಗಿ, ನಿಮ್ಮ ಕೂಸಿನ ಹಳೆಯ ಅಂಗಿ ಒಂದು ಕೊಡು ತಾಯಿ ಎಂದು ಅದನ್ನೇ ಬೇಡಿ ತರುವುದು. ಅಂಗಿಯೂ ನಿನ್ನದು, ಅರಿವೆಯೂ ಬೇಡಿದ್ದು. ಜಬೀನ ಅದನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟ ಮೆತ್ತಗೈತ್ರಿ ಕಾಕು!" ಎಂದಳು. ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು. ಆದರೂ ನಾನೇ ತೊಡಿಸಿದೆ. ತೊಡೆಯ ಮೇಲೆ ಕೆಂಪು ಚುಕ್ಕೆಯೊಂದು ಕಂಡಿತು, ಸೊಳ್ಳೆ ಕಡಿದಿರಬೇಕು ಎಂದುಕೊಂಡೆ. ಅವಳು ಫೋಟೋ ಹೊಡೆದಳು, ನೀನು ನೋಡಿದ್ದು ಅದೇ.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆ ಕೂಸು ಅಳತೊಡಗಿತು. ಕೂಸು ಅಳುವುದೇನು ಹೊಸದೇ ಎಂದು ಒಲೆ ಊದುತ್ತ ಕೂತೆ. ಅಳು ನಿಲ್ಲಲಿಲ್ಲ. ಜಬೀನ, "ಮೈ ಕೆಂಡ ಆಗೇತ್ರಿ ಅತ್ತೀ" ಎಂದದ್ದು ಕೇಳಿಸಿತು. ಯವ್ವಾ ಮಹೇಶಿ, ನನ್ನ ಕೈಯಲ್ಲಿದ್ದ ಊದುಕೊಳವೆ ಕೆಳಗೆ ಬಿತ್ತು. ತಗುಲಿತು, ನಮ್ಮ ಮನೆಯ ಕೇಡು ಅದಕ್ಕೆ ತಗುಲಿತು ಎಂದು ಬಾಯಿಂದ ಹೊರಟೇಹೋಯಿತು. ಅವರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ದೇವರ ಜಗಲಿಯ ಮುಂದೆ ಕೂತು ಎಲ್ಲ ದೇವರನ್ನೂ ಕರೆದೆ, ಇಟಗಿಯ ಭೀಮಾಂಬಿಕೆಗೆ ಹರಕೆ ಹೊತ್ತೆ. ಆ ಹೊತ್ತಿಗೆ ನಿನ್ನ ನೆನಪೂ ನನಗೆ ಬರಲಿಲ್ಲ. ಇದೊಂದು ಕೂಸು ಉಳಿದರೆ ಸಾಕು ಎನಿಸಿತ್ತು.

ಶುಕ್ರವಾರ ಬೆಳಗ್ಗೆ ನೋಡಿದರೆ ಮಾಬೂಬಿ ಬುರ್ಖಾ ತೊಟ್ಟು, ಚೀಲ ಹಿಡಿದು ಲಗುಬಗೆಯಿಂದ ಹೊರಟಿದ್ದಾಳೆ. ರೋಣದ ದವಾಖಾನೆಗೇ ಎಂದುಕೊಂಡು ಓಡಿ ಹೋಗಿ ಅವಳ ಎರಡೂ ಕೈ ಹಿಡಿದೆ. ಎಲ್ಲ ಹೇಳಿಬಿಟ್ಟೆ. ಅಂಗಿ ಯಾರಿಗೆ ತಂದದ್ದು, ಯಾಕೆ ಕೊಟ್ಟದ್ದು, ಯಾಕೆ ವಾಪಸು ಬೇಡುವವಳಿದ್ದೆ, ಒಂದೂ ಬಿಡದೆ. ಅವಳು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

"ಅಯ್ಯ ಅನ್ನಕ್ಕ, ನಿನ್ನಿ ಮುಂಜಾನೆ ಅಂಗನವಾಡ್ಯಾಗ ಕೂಸಿಗೆ ಸೂಜಿ ಮಾಡಿಸೀವಿ. ಸೂಜಿ ಮಾಡಿಸಿದ್ರ ಜ್ವರ ಬರ್ತಾವು. ನರ್ಸಬಾಯಿ ಔಷಧಾನೂ ಕೊಟ್ಟಾಳ. ಈಗ ಇಳದೈತಿ, ಮಕ್ಕೊಂಡೈತಿ. ನಾ ಬಳಿ ಮಾರಾಕ ಹೊಂಟೀನಿ."

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಆದರೆ ಮಾಬೂಬಿಯ ಮುಖ ನಿಧಾನಕ್ಕೆ ಬಿಗಿಯಿತು. ನಾನು ಹೇಳಿದ್ದು ಅವಳಿಗೆ ಆಗ ಒಳಗಿಳಿದಿತ್ತು.

"ಅಂದ್ರ ನಿನ್ನ ಮಗಳ ಕೂಸಿಗೆ ಬರೋದು ನಮ್ಮ ಕೂಸಿಗೆ ಬರ್ಲಿ ಅಂತ ತೊಡಿಸಿದೇನು?"

ಅಲ್ಲ ಅಲ್ಲ ಎಂದೆ. ನಿಮ್ಮದು ಮಕ್ಕಳು ಬಾಳಿದ ಮನೆ, ನಿಮ್ಮ ಕೂಸಿಗೆ ಏನೂ ಆಗುವುದಿಲ್ಲ ಎಂದೇ ತೊಡಿಸಿದೆ ಎಂದೆ. ಖರೆ ಹೇಳಬೇಕೆಂದರೆ ನಾನೂ ಹಾಗೆಯೇ ನಂಬಿದ್ದೆ. ಆದರೆ ಜ್ವರ ಬಂತೆಂದ ಕೂಡಲೇ ತಗುಲಿತು ಎಂದದ್ದು ನನ್ನ ಬಾಯೇ ಅಲ್ಲವೇ? ತಗುಲಬಹುದೆಂದು ಒಳಗೆಲ್ಲೋ ಗೊತ್ತಿದ್ದೇ ಕೊಟ್ಟಿದ್ದೆ.

"ಕೇಳಿದ್ರ ಒಲ್ಲೆ ಅಂತಿದ್ನೇನು?" ಎಂದಳು ಮಾಬೂಬಿ. "ನಮ್ಮ ಅತ್ತಿ ಕೊಟ್ಟಿದ್ದಿಲ್ಲೇನು ನಿನ್ನ ಮಗಳಿಗೆ? ಕೇಳಬೇಕಾಗಿತ್ತು ಅನ್ನಕ್ಕ." ಒಳಗೆ ಹೋಗಿ ಅಂಗಿ ತಂದು ನಡುಗೋಡೆಯ ಮೇಲಿಟ್ಟು ಹೋದಳು. ನಿನ್ನ ಫೋನು ಬಂದದ್ದು ಅದೇ ಮಧ್ಯಾಹ್ನ. ನಿನಗೂ ಸುಳ್ಳು ಹೇಳಿದೆ.

ಆಮೇಲೆ ಎರಡು ದಿನ ಗೋಡೆಯ ಆಚೆಯಿಂದ ನನಗೊಂದು ಮಾತು ಬರಲಿಲ್ಲ. ಹೊಳೆ ಏರಿ ಮನೆಯೊಳಗೆ ನೀರು ಬಂದಾಗ ಅವಳೂ ನಾನೂ ಒಂದೇ ಕಂಬಳಿ ಹೊದ್ದು ಕೂತವರು. ಈಗ ಹೊಸ ಹೆದರಿಕೆ ಹಿಡಿಯಿತು. ಅವರ ನಿಟ್ಟುಸಿರು ನಿನಗೆ ತಟ್ಟಿದರೆ? ನಿನ್ನನ್ನು ಉಳಿಸಿಕೊಳ್ಳಲು ಹೋಗಿ ನಾನೇ ನಿನಗೆ ಕೇಡು ತಂದೆನೋ ಏನೋ. ಆ ಅಂಗಿಯನ್ನು ಮುಟ್ಟಲೂ ಧೈರ್ಯ ಸಾಲದೆ ಇಕ್ಕಳದಲ್ಲಿ ಎತ್ತಿ ಒಳಗಿಟ್ಟೆ. ನಗಬೇಡ.

ನಿನ್ನೆ ಮುಂಜಾನೆ ಬಾಗಿಲು ಧಡಧಡ ಬಡಿದ ಸದ್ದು. ಮಾಬೂಬಿ. ಸೊಂಟದ ಮೇಲೆ ಕೈ.

"ಆ ಅಂಗಿ ತೊಗೊಂಡು ಬಾ. ಕೊಟ್ಟದ್ದು ವಾಪಸ್ ಕೊಡು. ಆಮ್ಯಾಲೆ ನಮ್ಮ ಹೊಸ್ತಿಲದಾಗ ನಿಂತು ಸೆರಗೊಡ್ಡಿ ಬೇಡು, ನಿಮ್ಮತ್ತಿ ಬೇಡಿದಂಗ. ಬೇಡಿದ್ರ ಕೊಡ್ತೀವಿ. ಕಳ್ಳತನ ಮಾಡಬ್ಯಾಡ."

ಹೋದೆ. ಜಬೀನ ಕೂಸಿಗೆ ಆ ಅಂಗಿಯನ್ನು ಮತ್ತೆ ತೊಡಿಸಿದಳು. ತಾನಾಗಿಯೇ ತೊಡಿಸಿದಳು ಮಹೇಶಿ, ಎಲ್ಲ ಗೊತ್ತಿದ್ದೂ. ಅದು ನಗುತ್ತ ಕಾಲು ಬಡಿಯುತ್ತಿತ್ತು. ಹಾಲು ಕುಡಿಸಿದಳು, ಅದು ಎದೆಯ ಮೇಲೆ, ಸರಿಯಾಗಿ ಆ ನೀಲಿ ಎಲೆಯ ಮೇಲೆ, ಕಕ್ಕಿತು. ಆಮೇಲೆ ಬಿಚ್ಚಿದಳು. ನಾನು ಹೊಸ್ತಿಲಲ್ಲಿ ನಿಂತು ಸೆರಗೊಡ್ಡಿದೆ. "ಕೂಸಿನ ಹಳೇ ಅರಿವಿ ಕೊಡ್ರಿ ತಾಯಿ" ಎಂದು ಬೇಡಿದೆ. ಜಬೀನ ಅಂಗಿಯನ್ನು ಸೆರಗಿಗೆ ಹಾಕಿ, "ನೂರು ವರ್ಷ ಬಾಳ್ಲಿ ಕಾಕು" ಎಂದಳು. ಮಾಬೂಬಿ ಮಾತ್ರ ಇನ್ನೂ ಗುರ್ ಎನ್ನುತ್ತಲೇ, "ಇನ್ನ ಇದು ಯಾವ ಕಂಪನೀದೂ ಅಲ್ಲ. ನಮ್ಮ ಸಾಜೀದನ ಹಳೇ ಅಂಗಿ. ನಿನ್ನ ಮಗಳಿಗೆ ಹೇಳು" ಎಂದಳು. ಹೇಳಿದ್ದೇನೆ.

ಅಷ್ಟು ದುಡ್ಡು ಕೊಟ್ಟದ್ದು ಸರಿಯೋ ತಪ್ಪೋ? ಅವತ್ತು ಮುಕ್ಕಾಲು ದುಡ್ಡು ದಂಡ ಎಂದುಕೊಂಡಿದ್ದೆ. ಇವತ್ತು ಗೊತ್ತಿಲ್ಲ ಎನ್ನುತ್ತೇನೆ. ನೀನು ಹೆದರಿ ದುಡ್ಡು ಕೊಟ್ಟೆ, ನಾನು ಹೆದರಿ ಅರಿವೆ ಬೇಡಿದೆ. ನಿನ್ನ ದುಡ್ಡಿಗೆ ನಾನು ಬೈಯುವ ಹಾಗಿಲ್ಲ. ಅಂಗಿಯನ್ನು ಸೋಪು ಹಾಕದೆ ಬರೀ ನೀರಲ್ಲಿ ಹಿಂಡಿ ಒಣಗಿಸಿದ್ದೇನೆ. ಮುಂದಿನ ಸೋಮವಾರ ನಾನೇ ತರುತ್ತೇನೆ. ಬೆಲೆಯ ಚೀಟಿ ಒಲೆಗೆ ಹಾಕಿದೆ. ಮಗ್ಗುಲು ಬದಲಿಸುವಾಗ ಸಾವಕಾಶ ಏಳು. ಕೂಸು ಮಿಸುಕಾಡುವುದು ಸ್ವಲ್ಪ ಕಡಿಮೆ ಅನಿಸಿದರೂ ಯಾರಿಗೂ ಸಂಕೋಚ ಪಡದೆ ದವಾಖಾನೆಗೆ ಹೋಗು. ನನಗೆ ಮಾತ್ರ ಫೋನು ಮಾಡುವ ಮುಂಚೆ ಒಂದು ಮಿಸ್ ಕಾಲ್ ಕೊಡು, ಎದೆ ಹಿಡಿದುಕೊಳ್ಳಲು.

ಇಂತಿ,
ನಿನ್ನ ಹೆದರುಪುಕ್ಕಲಿ ಅವ್ವ,
ಅನ್ನಪೂರ್ಣಾ

ತಾ.ಕ.: ಕಾಗದದ ಮೇಲೆ ಸುಳ್ಳು ಸಲೀಸಾಗಿ ಬರುವುದಿಲ್ಲ ಎಂದಿದ್ದೆ. ಬಂದಿದೆ, ಒಂದು. ಆ ಮಖಮಲ್ ಕುಂಚಿಗೆಯನ್ನು ನಾನು ಹೊಳೆಗೆ ಬಿಡಲಿಲ್ಲ, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ನೀನು ಹುಟ್ಟಿದ್ದು ಎಳ್ಳಮಾಸಿಯ ಚಳಿಯಲ್ಲಿ. ಬೇಡಿ ತಂದ ಐದೂ ಅರಿವೆ ತೆಳ್ಳಗೆ, ಜಾಳು ಜಾಳು. ಮೂರನೇ ದಿನ ನಿನ್ನ ತುಟಿ ನೀಲಿಯಾಯಿತು. ನಿಮ್ಮಜ್ಜಿ ಹೊರಗೆ ಹೋದಾಗ ಕುಂಚಿಗೆ ತೆಗೆದು ನಿನಗೆ ತೊಡಿಸಿ, ಮೇಲೆ ಹಳೆಯ ಅರಿವೆ ಸುತ್ತಿದೆ. ಚಳಿ ಹೋಗುವವರೆಗೂ ದಿನಾ ಹಾಗೇ ಮಾಡಿದೆ, ದಿನಾ ಸತ್ತು ಹುಟ್ಟಿದೆ. "ನೋಡು, ಹಳೇ ಅರಿವಿ ಕೂಸಿನ್ನ ಹ್ಯಾಂಗ ಉಳಿಸ್ತು" ಎಂದು ಅಜ್ಜಿ ಊರಿಗೆಲ್ಲ ಹೇಳಿದರು. ನಾನು ಹೂಂ ಎಂದೆ. ಬರುವ ಎಳ್ಳಮಾಸಿಗೆ ನಿನಗೆ ಮೂವತ್ತೊಂದು ತುಂಬುತ್ತದೆ. ಸಾಜೀದನ ಅಂಗಿಯ ಜೊತೆ ಆ ಕುಂಚಿಗೆಯನ್ನೂ ತರುತ್ತಿದ್ದೇನೆ. ಯಾವುದನ್ನು ಮೊದಲು ತೊಡಿಸಬೇಕೆಂದು ನೀನೇ ಹೇಳು, ನನಗೆ ಈಗಲೂ ಹೆದರಿಕೆ.