ಹುಸೇನಪ್ಪನ ಬ್ಯಾಂಡಿನ ಹಿಂದೆ ನಾವಿಬ್ಬರು

ಒಡಹುಟ್ಟಿದವರಿಗಿಂತ ಹತ್ತಿರದವಳಾಗಿದ್ದ ಗೆಳತಿ ಅಮರಮ್ಮಳಿಗೆ,

ಹೇಗಿದ್ದೀ ಎಂದು ಕೇಳಿ ಪತ್ರ ಶುರು ಮಾಡುವುದು ರೂಢಿ. ನಿನ್ನನ್ನು ಏನೆಂದು ಕೇಳಲಿ? ಈ ಮೊದಲೂ ಬರೆಯಲು ಕೂತು ಎದ್ದಿದ್ದೇನೆ, ನಿನ್ನ ಹೆಸರು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಇವತ್ತು ಮಗ ಸೊಸೆ ಇಬ್ಬರೂ ಊರಲ್ಲಿಲ್ಲ, ಅತ್ತರೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ನಮ್ಮ ಹುಸೇನಪ್ಪನ ಬ್ಯಾಂಡಿನ ಸುದ್ದಿಯೊಂದು ನನ್ನ ಹೊಟ್ಟೆಯೊಳಗೆ ಕೂತಿದೆ. ಈ ಮಾನ್ವಿಯಲ್ಲಿ ಅದನ್ನು ಯಾರ ಮುಂದೆ ಹೇಳಲಿ? ಮೊನ್ನೆ ಅಂಗನವಾಡಿಯಲ್ಲಿ ಸಹಾಯಕಿಯ ಮುಂದೆ ಬಾಯಿ ತೆರೆದೆ. ‘ಬ್ಯಾಂಡ್ ನಿಂತ್ರ ನಿಲ್ಲಲಿ ಬಿಡ್ರೀ ಟೀಚರ್, ಡಿಜೆ ಅದಾವಲ್ಲ’ ಅಂದಳು.

ಅವನನ್ನು ಮೊದಲ ಸಲ ಕೇಳಿದ ದಿನ ನಿನಗೆ ನೆನಪಿದೆಯಾ? ಇಬ್ಬರೂ ಹೊಸ ಸೊಸೆಯರು, ಒಂದೇ ಓಣಿ, ಇನ್ನೂ ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. ಲಗ್ನದ ಮನೆಯಿಂದ ಕುಂಬಾರರ ಮನೆಗೆ ಶಾಸ್ತ್ರದ ಐರಾಣಿ ಗಡಿಗೆ ತರಲು ಹೊರಟಿದ್ದೆವು. ಮುಂದೆ ಬ್ಯಾಂಡು, ಹಿಂದೆ ಮುತ್ತೈದೆಯರು. ಬಣ್ಣ ಬರೆದ ಗಡಿಗೆ ಹೊತ್ತು ಮದುಮಕ್ಕಳ ಮನೆಗೆ ತಿರುಗಿ ಬರುವವರೆಗೆ ಅತ್ತೆಯೂ ಕೆಲಸ ಹೇಳುವಂತಿಲ್ಲ, ಗಂಡನೂ ಕರೆಯುವಂತಿಲ್ಲ. ಅದೊಂದು ಹೊತ್ತು ಬೀದಿ ನಮ್ಮದು. ಗಬ್ಬೂರಿನ ಹುಸೇನಪ್ಪ ಕೆಂಪು ಕೋಟು ತೊಟ್ಟು ಕ್ಲಾರ್ನೆಟ್ ಬಾಯಿಗಿಟ್ಟ. ಎಲ್ಲ ಬ್ಯಾಂಡಿನವರೂ ಬಾರಿಸುವ ಲಗ್ನದ ಹಾಡೇ. ಆದರೆ ಇನ್ನೇನು ಮುಗಿಯಿತು ಅನ್ನುವಾಗ ಕೊನೆಯ ಸ್ವರವನ್ನು ಅವನು ಹಿಡಿದು ಮೇಲಕ್ಕೆ ಎಳೆಯುತ್ತಿದ್ದ, ಬಾವಿಗೆ ಬೀಳುತ್ತಿದ್ದ ಹಗ್ಗವನ್ನು ತುದಿಯಲ್ಲಿ ಹಿಡಿದ ಹಾಗೆ. ನೀನು ನನ್ನ ಕಡೆ ತಿರುಗಿ ‘ಕೇಳಿದೇನಬೇ?’ ಅಂದೆ. ನಮ್ಮ ಗೆಳೆತನ ಶುರುವಾದದ್ದು ಅಲ್ಲಿಂದ.

ಆಮೇಲೆ ಗಡಿಗೆಯ ಆ ರಾದ್ಧಾಂತ. ನಮ್ಮತ್ತೆಯ ಅಣ್ಣನ ಮನೆಯ ಲಗ್ನ, ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಯಾವುದೋ ಬ್ಯಾಂಡು ತಂದಿದ್ದರು. ಕುಂಬಾರರ ಮನೆಯಿಂದ ಗಡಿಗೆ ಹೊತ್ತು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಲಗ್ನದವರ ಐರಾಣಿ ಅಡ್ಡ ಬಂತು. ಅದರ ಮುಂದೆ ನಮ್ಮ ಹುಸೇನಪ್ಪ! ಯಾರ ಕಾಲು ಮೊದಲು ತಿರುಗಿತು, ನಿನ್ನದೋ ನನ್ನದೋ? ಮೈಮರೆತು ಅವರ ಹಿಂದೆ ನಡೆದು, ಗುರುತು ಪರಿಚಯ ಇಲ್ಲದವರ ಅಂಗಳಕ್ಕೆ ಹೋಗಿ ನಿಂತೆವು. ಆರತಿ ಹಿಡಿದು ಬಂದ ಮದುಮಗಳ ತಾಯಿ ಗಡಿಗೆ ನೋಡಿದಳು. ‘ಐದು ಹೇಳಿದ್ವಲ್ಲವ್ವ, ಏಳು ಹೆಂಗಾದ್ವು?’ ಅಂದಳು. ನೀನು ಒಂದಿಷ್ಟೂ ಅಂಜದೆ, ‘ಬ್ಯಾಂಡ್ ನಮ್ದ ಅದರೀ ಯವ್ವಾ, ಮನಿ ತಪ್ಪ್ಯಾದ’ ಅಂದೆ. ಹೊಟ್ಟೆ ಹುಣ್ಣಾಗುವಂತೆ ನಗುತ್ತ ಆ ಗಡಿಗೆ ಹೊತ್ತು ವಾಪಸ್ಸು ಬಂದೆವು. ಇಲ್ಲಿ ನಮ್ಮತ್ತೆ, ‘ಮಾನಗೇಡಿಗಳ್ಯಾ, ಬ್ಯಾಂಡಿನವನ ಹಿಂದ ಓಡಿ ಹೋಗಿದ್ರೇನು?’ ಎಂದು ಊರು ಕೇಳುವಂತೆ ಬೈದರು. ಅಂದಿನಿಂದ ಓಣಿಗೆಲ್ಲ ನಾವು ಬ್ಯಾಂಡಿನ ಸೊಸೆಯರು.

ವಯಸ್ಸಾದರೆ ಹುಚ್ಚು ಬಿಡುತ್ತದೆ ಅಂದುಕೊಂಡರು. ಎಲ್ಲಿ ಬಿಟ್ಟಿತು? ಅಕ್ಕಿಕಾಳು ಹಿಡಿದು ಲಗ್ನಕ್ಕೆ ಕರೆಯಲು ಬಂದವರನ್ನು ಮುಹೂರ್ತ ಕೇಳುವ ಮೊದಲು ಬ್ಯಾಂಡ್ ಯಾರದೆಂದು ಕೇಳುತ್ತಿದ್ದೆವು. ಹುಸೇನಪ್ಪನದು ಅಂದರೆ ಮುಗಿಯಿತು, ದೇವದುರ್ಗದ ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗುವವರೇ. ಮದುಮಗಳು ನಮಗೇನಾಗಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆವು. ನಿನ್ನ ಮಗಳ ನಿಶ್ಚಯದ ದಿನ ರಾಯಚೂರಿನ ಬೀಗರು ಹುಸೇನಪ್ಪನ ಹೆಸರು ಕೇಳಿ ಮೂಗು ಮುರಿದದ್ದು ಇವತ್ತಿಗೂ ಕಣ್ಣ ಮುಂದಿದೆ. ‘ಬಂಗಾರ ನೀವು ಹೇಳಿದಂಗ. ಬ್ಯಾಂಡ್ ನಾ ಹೇಳಿದಂಗ’ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದೆ ನೀನು. ನಿನ್ನ ಗಂಡ ತಲೆ ತಗ್ಗಿಸಿ ನಗುತ್ತಿದ್ದ. ಇಷ್ಟೆಲ್ಲ ಆದರೂ ಹುಸೇನಪ್ಪನ ಜೊತೆ ನಾವಿಬ್ಬರೂ ಒಂದು ಮಾತು ಆಡಿದವರಲ್ಲ. ಬ್ಯಾಂಡಿನವರೊಂದಿಗೆ ಮನೆಯ ಹೆಂಗಸರು ಏನು ಮಾತಾಡುತ್ತಾರೆ? ಓಣಿ ತಿರುಗುವಾಗ ಅವನು ಹಿಂದೆ ನೋಡುತ್ತಿದ್ದ, ನಾವು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆವು, ಅಷ್ಟೇ.

ನಿನ್ನ ಗಂಡ ಹೋದ ಮೇಲೆ ಬಂದ ಮೊದಲ ಲಗ್ನ. ನಿನ್ನನ್ನು ನಾನೇ ಎಬ್ಬಿಸಿದೆ. ಗಡಿಗೆ ಮುಟ್ಟಬೇಡ, ಸುಮ್ಮನೆ ಹಿಂದೆ ನಡೆ, ಯಾರು ಏನು ಅಂತಾರೆ ನೋಡೋಣ ಅಂದೆ. ಒಗೆದು ಮಡಿಸಿಟ್ಟ ಸೀರೆ ಉಟ್ಟು ಬಂದೆ ನೀನು. ಹಿಟ್ಟಿನ ಗಿರಣಿಯವರೆಗೂ ಯಾರೂ ಏನೂ ಅನ್ನಲಿಲ್ಲ. ಅಲ್ಲಿ ಒಬ್ಬ ಮುದುಕಿ ನಿನ್ನ ಕೈ ಹಿಡಿದು, ಬೈಯದೆ, ಮೆತ್ತಗೆ, ‘ಶುಭಕಾರ್ಯ ಅದ ತಂಗಿ, ಹುಡುಗೀಗಿ ಒಳ್ಳೇದಾಗಲಿ ಅಂತಿದ್ರ ನೀ ಬರಬ್ಯಾಡ’ ಅಂದಳು. ಬೈದಿದ್ದರೆ ನಾನು ಜಗಳ ಮಾಡುತ್ತಿದ್ದೆ. ನೀನು ತಿರುಗಿ ನಡೆದೆ. ಮುಂದೆ ಹುಸೇನಪ್ಪನ ಕ್ಲಾರ್ನೆಟ್ ನುಡಿಯುತ್ತಲೇ ಇತ್ತು. ಗಂಡ ಸತ್ತವಳ ಕಿವಿಗೂ ಮದುಮಗಳ ಬಾಳಿಗೂ ಏನು ಸಂಬಂಧ ಅಮರಿ? ನನಗೆ ಇವತ್ತಿಗೂ…

ಅಲ್ಲಿಂದ ಮುಂದೆ ನಾನು ಒಬ್ಬಳೇ ಹೋಗಿ ಬಂದು ನಿನ್ನ ಕಟ್ಟೆಯ ಮೇಲೆ ಕೂರುತ್ತಿದ್ದೆ. ನೀನು ರೊಟ್ಟಿ ತಟ್ಟುವುದನ್ನು ಬಿಡದೆ, ‘ಹೇಳು, ಎಲ್ಲೆಲ್ಲಿ ಎಳದ?’ ಅಂತಿದ್ದೆ. ನಾನು ಗುನುಗುತ್ತಿದ್ದೆ. ‘ನಿನ್ನ ಗಂಟಲಾಗ ಅದು ಎಮ್ಮಿ ಒದರಿದಂಗ ಆಗ್ತದ ಬಿಡು’ ಎಂದು ನೀನು ನಗುತ್ತಿದ್ದೆ. ನಾನು ಎದ್ದು ಹೊರಟ ಮೇಲೆ ಆ ನಗು ಎಷ್ಟು ಹೊತ್ತು ಇರುತ್ತಿತ್ತೋ ನನಗೆ ಗೊತ್ತಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ನಿನ್ನ ಮಗ ಫೋನಿನಲ್ಲಿ ಯಾವುದೋ ಬ್ಯಾಂಡು ಹಚ್ಚಿ ನಿನ್ನ ಕಿವಿಗೆ ಹಿಡಿದ. ಪಾಪ, ಅವನಿಗೇನು ಗೊತ್ತು. ನೀನು ಮುಖ ತಿರುಗಿಸಿದೆ. ‘ಅದನ್ನ ಮಕ್ಕೊಂಡು ಕೇಳಬಾರದಪಾ, ಹಿಂದ ನಡಕೋತ ಕೇಳಬೇಕು’ ಅಂದೆ. ಆಮೇಲೆ ನನ್ನ ಕೈ ಹಿಡಿದು, ‘ಒಂದ ಸಲ ನಡದಿದ್ರ ಸಾಕಿತ್ತಬೇ’ ಅಂದೆ. ಅದನ್ನು ಕೊಡುವುದು ಯಾರ ಕೈಯಲ್ಲಿತ್ತು? ಅದೇ ವಾರ ನಿನ್ನನ್ನು ಮಾನ್ವಿಗೆ ತಂದರು. ಭಜನೆಯವರು ಬಂದಿದ್ದರು, ಚೆನ್ನಾಗಿಯೇ ಹಾಡಿದರು. ನಾನು ನಿನ್ನ ಹಿಂದೆ ನಡೆದೆ.

ನೀನು ಹೋದ ಬೇಸಿಗೆ ಕಳೆಯುವುದರೊಳಗೆ ನಮ್ಮವರೂ ಹೋದರು. ಊಟಕ್ಕೆ ಕೂತವರು ನೀರು ಕೇಳಿದರು, ತಂದು ಕೊಡುವುದರೊಳಗೆ… ಇದನ್ನು ನಿನಗೆ ಹೇಳಲು ಓಡಿ ಬರಬೇಕೆಂದು ಆ ಹೊತ್ತಿನಲ್ಲೂ ಅನಿಸಿತು ನೋಡು. ಈ ವರ್ಷ ಮಗನ ಲಗ್ನ ಮಾಡಿದೆ. ಅವನಿಗೆ ಡಿಜೆ ಬೇಕು, ನನಗೆ ಹುಸೇನಪ್ಪನೇ ಬೇಕು. ಅನ್ನ ಬಿಟ್ಟು ಕೂತು ಗೆದ್ದೆ. ಅವನ ಬ್ಯಾಂಡಿನಲ್ಲಿ ಈಗ ಉಳಿದವರು ಮೂರೇ ಜನ, ಮಿಕ್ಕವರು ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದಾರೆ. ಐರಾಣಿಗೆ ಹೊರಡುವಾಗ ನಾನೂ ಚಪ್ಪಲಿ ಮೆಟ್ಟಿದೆ. ನನ್ನ ಮನೆ, ನನ್ನ ಮಗ, ನಾನು ಕರೆಸಿದ ಬ್ಯಾಂಡು, ಯಾರು ತಡೆಯುತ್ತಾರೆ ಅಂದುಕೊಂಡೆ. ಬಾಸಿಂಗ ಕಟ್ಟಿಕೊಳ್ಳಬೇಕಾದ ಮಗನೇ ಬಾಗಿಲಿಗೆ ಬಂದ. ‘ಯವ್ವಾ, ನೀ ಬ್ಯಾಡ. ಬೀಗರು ನೋಡಾಕತ್ತಾರ’ ಅಂದ. ಆ ಗಿರಣಿಯ ಹತ್ತಿರದ ಮುದುಕಿಯ ಹಾಗೆಯೇ ಮೆತ್ತಗೆ ಅಂದ. ಒಳಗೆ ಹೋಗಿ ಜೋಳದ ಚೀಲದ ಮೇಲೆ ಕೂತೆ. ಹೊರಗೆ ಕ್ಲಾರ್ನೆಟ್ ಎದ್ದಿತು, ದೂರವಾಯಿತು. ಇಷ್ಟು ವರ್ಷ ನೀನು ಹೇಗೆ ತಡೆದುಕೊಂಡೆ? ನನಗೆ ಒಂದು ದಿನವೂ ಆಗಲಿಲ್ಲ.

ಊಟದ ಹೊತ್ತಿಗೆ ಬ್ಯಾಂಡಿನವರಿಗೆ ನಾನೇ ಬಡಿಸಿದೆ, ವಿಧವೆ ಬಡಿಸಬಾರದೆಂದು ಅಲ್ಲಿ ಹೇಳುವವರು ಯಾರೂ ಇರಲಿಲ್ಲ. ಹುಸೇನಪ್ಪ ಮುದುಕನಾಗಿದ್ದಾನೆ ಅಮರಿ, ಮುಂದಿನ ಹಲ್ಲಿಲ್ಲ. ‘ಇದ ಕಡೀದವ್ವ. ಉಸುರು ನಿಲ್ಲವಲ್ದು’ ಅಂದ. ನನ್ನ ಮುಖವನ್ನೇ ನೋಡಿ, ‘ನಿಮ್ಮ ಜೋಡಿ ಇನ್ನೊಬ್ಬ ಯವ್ವ ಬರ್ತಿದ್ದಳಲ್ಲ, ಎಲ್ಲೆದಾಳ?’ ಅಂದ. ತೀರಿಕೊಂಡಳು ಅಂದೆ. ಅವನು ಎಲೆಯ ಮೇಲಿನ ಕೈ ತೆಗೆದ.

‘ನನ್ನ ಮ್ಯಾಲ ಯಾಕ ಬ್ಯಾಸರ ಮಾಡ್ಕೊಂಡಳವ್ವ ಆಕಿ?’ ಅಂದ.

ನನಗೆ ಅರ್ಥವಾಗಲಿಲ್ಲ.

‘ಹಿಂದ ಇಡೀ ದಿಬ್ಬಣ ಇರ್ತದ. ಕೇಳೋರು ಮಾತ್ರ ನೀವಿಬ್ರ ಇದ್ರಿ. ಒಮ್ಮಿಂದೊಮ್ಮಿ ಆಕಿ ಬರೂದ ಬಿಟ್ಲು. ನನ್ನ ಬಾರ್ಸೂದು ಕೆಟ್ಟದ, ಆಕೀಗಿ ತಿಳದದ, ಅದಕ್ಕ ಬಿಟ್ಟಾಳ ಅಂದ್ಕೊಂಡೆ. ಆವತ್ತಿಂದ ಕ್ಲಾರ್ನೆಟ್ ಬಾಯಿಗಿ ಹಚ್ಚಬೇಕಂದ್ರ ಅಂಜಿಕಿ. ಮೊದಲಿನಂಗ ಎಳ್ಯಾಕ ಧೈರ್ಯನ ಬರಲಿಲ್ಲ.’

‘ಆಕಿ ಗಂಡ ಸತ್ತಿದ್ದನಪ್ಪಾ. ಅದಕ್ಕ ಬರಲಿಲ್ಲ’ ಅಂದೆ.

ಅವನು ನನ್ನ ಬರಿಯ ಹಣೆ ನೋಡಿದ, ನಾನು ಮನೆಯೊಳಗೇ ಯಾಕೆ ಉಳಿದೆ ಎನ್ನುವುದೂ ಆಗಲೇ ತಿಳಿಯಿತೇನೋ. ‘ಇಷ್ಟಕ್ಕ?’ ಅಂದ. ಇನ್ನೊಮ್ಮೆ ಅಂದ. ಆಮೇಲೆ ಉಣ್ಣಲಿಲ್ಲ. ಕೈ ತೊಳೆದು, ಟಂಟಂ ಗಾಡಿ ಹತ್ತಿ ಗಬ್ಬೂರಿಗೆ ಹೋದ. ಇನ್ನು ಅವನು ಬಾರಿಸುವುದಿಲ್ಲ.

ನೀನು ಮನೆಯೊಳಗೆ ಕೂತು ಅವನಿಗಾಗಿ ಕಿವಿ ಕೊಟ್ಟ ಆ ಎಲ್ಲ ವರ್ಷಗಳಲ್ಲೂ, ಪ್ರತಿ ಓಣಿಯ ತಿರುವಿನಲ್ಲೂ, ಅವನು ಹಿಂದೆ ತಿರುಗಿ ನೋಡುತ್ತಿದ್ದದ್ದು ನಿನ್ನನ್ನು ಅಮರಿ.

ನಿನ್ನ,
ಶರಣಮ್ಮ